ನ್ಯಾಸ್ಕಾರ್ ಓಟದಲ್ಲಿ 40 ಕಾರುಗಳ ಮಿತಿಗೆ ಆಧಾರವೇನು?

ಶ್ರೀನಿಧಿ, ಬಸವನಗುಡಿ:
ಅಮೆರಿಕದ ನ್ಯಾಸ್ಕಾರ್ ಕಾರು ಪಂದ್ಯಗಳಲ್ಲೊಂದಾದ ಡೇಟೋನಾ 500 ಓಟವು ಬೆಂಗಳೂರಿನ ಗಡಿಯಾರಕ್ಕೆ ಸೋಮವಾರ ನಸುಕಿನಲ್ಲಿ ಬಂದರೂ ನಾವು ಕೆಲವು ಗೆಳೆಯರು ಎಚ್ಚರವಿದ್ದು ನೋಡುತ್ತೇವೆ. ಆ ಟ್ರ್ಯಾಕ್‌ನ ಒಂದು ಸುತ್ತು 2.5 ಮೈಲಿ, ಮಾರ್ಟಿನ್ಸ್‌ವಿಲ್‌ನದು ಅರ್ಧ ಮೈಲಿಗಿಂತ ತುಸು ಹೆಚ್ಚು. ಹಾಗಿದ್ದರೂ ನ್ಯಾಸ್ಕಾರ್‌ನ ಮುಖ್ಯ ಸರಣಿಯಾದ ಕಪ್ ಸರಣಿಯಲ್ಲಿ ಎರಡಕ್ಕೂ ಮಿತಿ 40 ಕಾರುಗಳೇ. ಟ್ರ್ಯಾಕ್‌ನ ಉದ್ದಕ್ಕೂ ಈ ಸಂಖ್ಯೆಗೂ ಸಂಬಂಧವಿಲ್ಲವೇ? ಕೆಲವು ಓಟಗಳಲ್ಲಿ 36 ಅಥವಾ 37 ಕಾರುಗಳಷ್ಟೇ ಹೊರಡುವುದೇಕೆ?

ರಘುನಂದನ್, ಮಲ್ಲೇಶ್ವರ:
ಶ್ರೀನಿಧಿಯವರೇ, ಉದ್ದವನ್ನು ಲೆಕ್ಕಕ್ಕೆ ಹಿಡಿದದ್ದು ಇಂಡಿಯಾನಾಪೊಲಿಸ್‌ನಲ್ಲಿ. ಒಂದು ಕಾರಿಗೆ 400 ಅಡಿ ಜಾಗ ಬೇಕೆಂದು 13,200 ಅಡಿಯ ಸುತ್ತನ್ನು ಭಾಗಿಸಿದಾಗ 33 ಬಂತು. ಅಲ್ಲಿನ ಇಂಡಿ 500 ಓಟದಲ್ಲಿ ಇಂದಿಗೂ ಅದೇ ರೂಢಿ. ನ್ಯಾಸ್ಕಾರ್‌ನಂತಹ ಸ್ಟಾಕ್ ಕಾರ್ (ಮಾರಾಟದ ಕಾರುಗಳನ್ನು ಹೋಲುವ ಕಾರುಗಳ) ಓಟದಲ್ಲಿ ಅಂತಹ ಸೂತ್ರವಿಲ್ಲ. 1950ರಲ್ಲಿ ಡಾರ್ಲಿಂಗ್ಟನ್‌ನ ಮೊದಲ ಸದರ್ನ್ 500ರಲ್ಲಿ 75 ಕಾರುಗಳು ಹೊರಟಿದ್ದವು; 1998ರಿಂದ 2015ರವರೆಗೆ ಕಪ್ ಸರಣಿಯ ಮಿತಿ 43 ಆಗಿತ್ತು.

2016ರಲ್ಲಿ ಚಾರ್ಟರ್ (ಪ್ರತಿ ಓಟದಲ್ಲೂ ಸ್ಥಾನದ ಖಾತ್ರಿ ಕೊಡುವ ಹಕ್ಕು) ವ್ಯವಸ್ಥೆ ಬಂದಾಗ ಮಿತಿ 40ಕ್ಕೆ ಇಳಿಯಿತು. ಚಾರ್ಟರ್‌ಗಳು 36, ಅದನ್ನು ಪಡೆದ ಕಾರು ಅರ್ಹತಾ ಸುತ್ತಿನಲ್ಲಿ ಎಷ್ಟೇ ನಿಧಾನವಾಗಿ ಓಡಿದರೂ ಹಿಂದಿನ ಸಾಲಿಗೆ ಸರಿಯುತ್ತದೆಯೇ ಹೊರತು ಓಟದಿಂದ ಹೊರಬೀಳುವುದಿಲ್ಲ. ಮಿಕ್ಕ 4 ಸ್ಥಾನಗಳಿಗೆ ಚಾರ್ಟರ್ ಇಲ್ಲದ ‘ಓಪನ್’ ತಂಡಗಳು ಸೆಣಸಬೇಕು. ಅವುಗಳಿಗೆ ಬಹುಮಾನದ ಪಾಲು ಕಡಿಮೆ, ಖರ್ಚು ಮಾತ್ರ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಎಲ್ಲ ಓಟಗಳಿಗೂ ಅವು ಬರುವುದಿಲ್ಲ, ಸಾಲು ಭರ್ತಿಯಾಗುವುದೂ ಇಲ್ಲ. ಪ್ರಾಯೋಜಕರಿಗೆ ತಮ್ಮ ಕಾರು ಓಡುವ ಖಾತ್ರಿ ಸಿಗುವುದರಿಂದ ಈ ವ್ಯವಸ್ಥೆ ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ.

ವಸುಧಾ, ವಿಜಯನಗರ:
ಈ ಕೊನೆಯ ಮಾತನ್ನು ನಾನು ಒಪ್ಪಲಾರೆ. 2005ರಲ್ಲಿ ಬಂದ ಹಳೆಯ ನಿಯಮವೂ ಅಂಕಪಟ್ಟಿಯ ಮೊದಲ 35 ತಂಡಗಳಿಗೆ ಸ್ಥಾನದ ಭರವಸೆ ಕೊಡುತ್ತಿತ್ತು, ಆದರೆ ಅದನ್ನು ಓಡಿ ಗಳಿಸಬೇಕಿತ್ತು. ಚಾರ್ಟರ್ ಹಾಗಲ್ಲ, ಹಣ ಕೊಟ್ಟು ಕೊಳ್ಳಬಹುದಾದ ಆಸ್ತಿ. ನಿಜವಾದ ಪೈಪೋಟಿ ನೋಡಬೇಕೆಂದರೆ ಡೇಟೋನಾ 500ಕ್ಕೆ ಮುಂಚಿನ ಅರ್ಹತಾ ಹಂತವನ್ನು ನೋಡಿ: ಓಪನ್ ಕಾರುಗಳ ಪೈಕಿ ಎರಡು ವೇಗದ ಬಲದಿಂದ ಒಳಬರುತ್ತವೆ, ಮತ್ತೆರಡು ‘ಡ್ಯುಯಲ್’ ಎಂಬ 150 ಮೈಲಿಯ ಎರಡು ಓಟಗಳಲ್ಲಿ ತಲಾ ಒಂದು ಸ್ಥಾನ ಗೆಲ್ಲುತ್ತವೆ.

ರಘುನಂದನ್, ಮಲ್ಲೇಶ್ವರ:
ವಸುಧಾ ಅವರೇ, ಅಂಕಗಳ ವಿಷಯದಲ್ಲಿ ನಿಮ್ಮ ಮಾತು ಸರಿ. ಶ್ರೀನಿಧಿಯವರೇ, 40 ಎಂಬ ಮಿತಿಗೂ ಈಗ ಒಂದು ವಿನಾಯಿತಿ ಉಂಟು: 2025ರಲ್ಲಿ ಇಂಡಿ 500ರ ನಾಲ್ಕು ಬಾರಿಯ ವಿಜೇತ ಎಲಿಯೊ ಕ್ಯಾಸ್ಟ್ರೊನೆವೆಸ್ ಅವರಿಗೆ ವಿಶೇಷ ಸ್ಥಾನ ಕೊಟ್ಟದ್ದರಿಂದ ಡೇಟೋನಾದಲ್ಲಿ 41 ಕಾರುಗಳು ಹೊರಟವು.