ಪಂಚಮಸಾಲಿ 2ಎ: ಈ ಸಲ ಸಿಇಟಿಗೆ ಯಾವ ಸರ್ಟಿಫಿಕೇಟ್?

ಪ್ರಶ್ನೆ: ವಕೀಲರೇ, ನಾವು ಹುನಗುಂದ ಕಡೆಯ ರೈತರು, ಪಂಚಮಸಾಲಿ ಲಿಂಗಾಯತರು. 2021ರಲ್ಲಿ ನಮ್ಮನ್ನು ಹಿಂದುಳಿದ ವರ್ಗಗಳ 2ಎ ಮೀಸಲಾತಿಗೆ ಸೇರಿಸಿ ಅಂತ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಾಗ ನಾನೂ ನಾಲ್ಕು ದಿನ ನಡೆದಿದ್ದೆ. ಈಗ ಮಗಳು ಸಿಇಟಿ, ನೀಟ್ ಎರಡೂ ಬರೆಯುತ್ತಿದ್ದಾಳೆ. 2ಎ ಸಿಗುತ್ತೆ, ಸ್ವಲ್ಪ ತಡೀರಿ ಅಂತಾರೆ ಊರಲ್ಲಿ. ಕಾಯಬೇಕಾ?

ಉತ್ತರ: ಬೇಡ ಅಣ್ಣಾರೇ, ಕಾಯಬೇಡಿ. ಹೋರಾಟ ಬೇರೆ, ಮಗಳ ಸೀಟು ಬೇರೆ. ನಮ್ಮವರು ಈಗಲೂ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 3ಬಿಯಲ್ಲೇ ಇದ್ದಾರೆ, ಅದಕ್ಕೆ ಶೇ 5 ಮೀಸಲಾತಿ. ಕೇಳುತ್ತಿರುವ 2ಎಗೆ ಶೇ 15. 2023ರ ಮಾರ್ಚ್‌ನಲ್ಲಿ ಸರ್ಕಾರ ಮುಸ್ಲಿಮರ 2ಬಿ ತೆಗೆದು, ಲಿಂಗಾಯತರಿಗೆ 2ಡಿ ಅಂತ ಶೇ 7 ಮಾಡಿತ್ತು. ಅದು ಸುಪ್ರೀಂ ಕೋರ್ಟ್‌ಗೆ ಹೋಯಿತು. ಸದ್ಯಕ್ಕೆ ಜಾರಿ ಮಾಡಲ್ಲ ಅಂತ ಸರ್ಕಾರವೇ ಅಲ್ಲಿ ಹೇಳಿತು. ಹಾಗಾಗಿ ನಾಡಕಚೇರಿಯಲ್ಲಿ 3ಬಿ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿ. ಸಿಇಟಿ ಅರ್ಜಿಗೆ ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು.

ನೀಟ್‌ನ ಅಖಿಲ ಭಾರತ ಕೋಟಾದಲ್ಲಿ 3ಬಿ ನಡೆಯಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಪಂಚಮಸಾಲಿ ಇಲ್ಲ. ಅಲ್ಲಿಗೆ ಇಡಬ್ಲ್ಯೂಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ ನೋಡಿ. ವರ್ಷದ ಆದಾಯ 8 ಲಕ್ಷದೊಳಗೆ, ಹೊಲ 5 ಎಕರೆಗಿಂತ ಕಡಿಮೆ ಇರಬೇಕು.

ಪ್ರಶ್ನೆ: ನನ್ನ ಹೆಸರಲ್ಲಿ 4 ಎಕರೆ, ಅಣ್ಣನ ಹೆಸರಲ್ಲಿ 6. ಪಹಣಿ ಬೇರೆ ಬೇರೆ ಇದೆ.

ಉತ್ತರ: ಅಣ್ಣನ ಹೊಲ ಲೆಕ್ಕಕ್ಕೆ ಬರಲ್ಲ. ಕುಟುಂಬ ಅಂದರೆ ಮಗಳು, ಅವಳ ತಂದೆ-ತಾಯಿ, 18ರೊಳಗಿನ ತಮ್ಮ-ತಂಗಿ. ನಿಮ್ಮ ಹೆಂಡತಿ ಅಥವಾ ಈ ಮಕ್ಕಳ ಹೆಸರಲ್ಲಿ ಎಲ್ಲಾದರೂ ಹೊಲ ಇದ್ದರೆ ಅದನ್ನು ಕೂಡಿಸಿ. ಮಳೆಯನ್ನೇ ನಂಬಿದ 5 ಎಕರೆ ಎರೆಹೊಲಕ್ಕೂ ಕಾಲುವೆ ನೀರಿನ 5 ಎಕರೆಗೂ ಒಂದೇ ಅಳತೆ ಇಟ್ಟಿದ್ದಾರೆ. ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತೆ. ಇಡಬ್ಲ್ಯೂಎಸ್ ಪತ್ರವನ್ನು ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕು, ಮರೆಯಬೇಡಿ.

ಇನ್ನೊಬ್ಬರ ಪ್ರಶ್ನೆ: ಸರ್, ನಾವು ಮಡಿವಾಳರು, 2ಎಯವರು. ನೀವೆಲ್ಲ ಒಳಗೆ ಬಂದರೆ ನಮ್ಮ ಮಕ್ಕಳಿಗೆ ಏನು ಉಳಿಯುತ್ತೆ?

ಉತ್ತರ: ನಾನೂ ಪಂಚಮಸಾಲಿ ಮನೆಯವನೇ, ಒಣಬೇಸಾಯದ ಕಷ್ಟ ಉಂಡು ಬೆಳೆದವನು. ಆದರೂ ಹೇಳ್ತೀನಿ, ನಿಮ್ಮ ಭಯ ನಿಜ. 2ಎಯಲ್ಲಿ ಕುಂಬಾರರು, ವಿಶ್ವಕರ್ಮರು, ಈಡಿಗರು ಅಂತ ನೂರರಷ್ಟು ಜಾತಿಗಳಿವೆ. ಆ ಶೇ 15ಕ್ಕೆ ಕೈ ಹಾಕದೆ ನಾವು ಬೇರೆ ಪಾಲು ಕೇಳಬೇಕು, ಯಾರದನ್ನೂ ಕಿತ್ತುಕೊಂಡು ಅಲ್ಲ. ಒಟ್ಟು ಮೀಸಲಾತಿ ಶೇ 50 ದಾಟಬಾರದು ಅಂತ 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಮಿತಿ ಅಡ್ಡ ಬರುತ್ತೆ, ಗೊತ್ತು. ನಮ್ಮ ವಾದ ನಡೆಯಬೇಕಾದ್ದು ಆ ಮಿತಿಯ ಮೇಲೆ, ನಿಮ್ಮ ತಟ್ಟೆಯ ಮೇಲಲ್ಲ.