ಹುಣಸೆ, ಕಕ್ಕೆ ಸಸಿಗಳ ಬೇರಲ್ಲಿ ಗಂಟೇ ಇಲ್ಲ, ಎಲೆ ಬೇರೆ ಹಳದಿ: ಏನು ಮಾಡಬೇಕು?

ರೋಣದ ಎರಿಹೊಲ:

ಎಲ್ಲರಿಗೂ ನಮಸ್ಕಾರ. ರೋಣದ ಹತ್ತಿರ ನಮ್ಮದು ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಬದುವಿನ ಮೇಲೆ ಹಚ್ಚಲು ಈ ಸಲ ಮನೆಯಲ್ಲೇ ಸಸಿ ಮಾಡಿದ್ದೇನೆ. ಗ್ಲಿರಿಸಿಡಿಯಾ, ಹೊಂಗೆ, ಹುಣಸೆ, ಕಕ್ಕೆ. ನಾಲ್ಕೂ ಒಂದೇ ಕುಟುಂಬದ ಗಿಡ, ಕಡಲೆ, ಹೆಸರುಕಾಳಿನ ಹಾಗೆ ಬೇರಲ್ಲಿ ಗಂಟು ಕಟ್ಟಿ ಹೊಲಕ್ಕೆ ಸಾರಜನಕ ಕೊಡುತ್ತವೆ ಅಂತ ಕೇಳಿ ಆರಿಸಿದ್ದು.

ಚೀಲಕ್ಕೆ ಹೊಲದ ಎರಿ ಮಣ್ಣು, ತಿಪ್ಪೆ ಗೊಬ್ಬರ ಹಾಕಿದ್ದೇನೆ. ಬಿತ್ತುವಾಗ ರೈಜೋಬಿಯಂ (ಬೇರಲ್ಲಿ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ) ಪುಡಿಯನ್ನು ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿದೆ. ಅಂಗಡಿಯಲ್ಲಿ ಇದ್ದದ್ದು ಕಡಲೆಗೆ ಕೊಡುವ ಪೊಟ್ಟಣ. ನೀರು ಬೋರಿನದು, ದಿನಾ ಹಾಕುತ್ತೇವೆ.

ಈಗ ಸಸಿಗಳು ಗೇಣುದ್ದ ದಾಟಿವೆ. ಒಂದೊಂದು ಚೀಲ ಬಿಚ್ಚಿ ಬೇರು ತೊಳೆದು ನೋಡಿದೆ. ಗ್ಲಿರಿಸಿಡಿಯಾದಲ್ಲಿ ಗಂಟುಗಳು ಚೆನ್ನಾಗಿವೆ. ಹೊಂಗೆಯಲ್ಲಿ ಅಲ್ಲೊಂದು ಇಲ್ಲೊಂದು. ಹುಣಸೆ, ಕಕ್ಕೆಯಲ್ಲಿ ಒಂದೂ ಇಲ್ಲ. ಅದರ ಜೊತೆಗೆ ಕಕ್ಕೆ ಎಲೆ ಹಳದಿಯಾಗುತ್ತಿದೆ. ಹುಣಸೆಯಲ್ಲೂ ಶುರುವಾಗಿದೆ. ರೈಜೋಬಿಯಂ ಇನ್ನೊಮ್ಮೆ ಹಾಕಲೇ? ಮಳೆ ಬರುವುದರೊಳಗೆ ಸಸಿ ಸುಧಾರಿಸಬೇಕು. ತಿಳಿದವರು ಹೇಳಿ.

ಹುಬ್ಬಳ್ಳಿ ಕೈತೋಟ:

ಗಂಟು ಇಲ್ಲ, ಎಲೆ ಹಳದಿ ಅಂದರೆ ಸಾರಜನಕದ ಕೊರತೆ ಅನಿಸುತ್ತೆ ಅಣ್ಣಾ. ಸ್ವಲ್ಪ ಯೂರಿಯಾ ನೀರಲ್ಲಿ ಕರಗಿಸಿ ಕೊಟ್ಟು ನೋಡಿ. ನಮ್ಮ ಟೆರೇಸ್ ಗಿಡಗಳಿಗೆ ಬೇಗ ಹಸಿರು ಬರುತ್ತೆ.

ಧಾರವಾಡ ಸಸಿಮನೆ:

ಅಣ್ಣಾರೇ, ಯೂರಿಯಾ ಸದ್ಯಕ್ಕೆ ಬೇಡ. ನೀವು ಹೇಳಿದ್ದು ಒಂದು ತೊಂದರೆ ಅಲ್ಲ, ಎರಡು ಬೇರೆ ಬೇರೆ ವಿಷಯ. ಅದರಲ್ಲಿ ಮೊದಲನೆಯದು ತೊಂದರೆಯೇ ಅಲ್ಲ.

ಹುಣಸೆ ಬೇರಲ್ಲಿ ಗಂಟು ಬರುವುದೇ ಇಲ್ಲ. ಕಕ್ಕೆಯಲ್ಲೂ ಬರುವುದಿಲ್ಲ. ಎಷ್ಟು ಪೊಟ್ಟಣ ರೈಜೋಬಿಯಂ ಸುರಿದರೂ ಬರುವುದಿಲ್ಲ. ನಿಮ್ಮ ಸಸಿ, ನಿಮ್ಮ ಮಣ್ಣು, ನಿಮ್ಮ ಕೈ ಯಾವುದರ ತಪ್ಪೂ ಅಲ್ಲ. ಆ ಗಿಡಗಳ ಗುಣವೇ ಹಾಗೆ.

ಈ ಕುಟುಂಬ ತುಂಬಾ ದೊಡ್ಡದು, ಜಗತ್ತಿನಲ್ಲಿ ಸುಮಾರು 19,500 ಜಾತಿಗಳಿವೆ. ನೆಲಕ್ಕಂಟಿ ಬೆಳೆಯುವ ಶೇಂಗಾ ಇದರಲ್ಲೇ ಇದೆ, ರಸ್ತೆ ಬದಿಯ ದೊಡ್ಡ ಮಳೆಮರವೂ ಇದರಲ್ಲೇ ಇದೆ. 2017ರಲ್ಲಿ ಸಸ್ಯವಿಜ್ಞಾನಿಗಳು ಇದನ್ನು ಆರು ಉಪಕುಟುಂಬಗಳಾಗಿ ಹೊಸದಾಗಿ ವಿಂಗಡಿಸಿದರು. ಹುಣಸೆ, ಸೀತಾ ಅಶೋಕ, ಕಮರ ಒಂದು ಉಪಕುಟುಂಬ. ಬಸವನಪಾದ ಇನ್ನೊಂದು. ಈ ಎರಡು ಗುಂಪಿನ ಮರಗಳಿಗೂ ಗಂಟು ಕಟ್ಟುವ ಗುಣ ಇಲ್ಲ. ಕಕ್ಕೆ, ತಂಗಡಿ, ಸೀಮೆ ತಂಗಡಿ, ಗುಲ್‌ಮೊಹರ್ ಮೂರನೆಯ ಗುಂಪಿನವು, ಇವೂ ಕಟ್ಟುವುದಿಲ್ಲ. ಆದರೆ ಅದೇ ಮೂರನೆಯ ಗುಂಪಿನಲ್ಲಿರುವ ಜಾಲಿ, ಬಾಗೆ, ಸುಬಾಬುಲ್, ಮಳೆಮರ, ಇಲಾಚಿ ಹುಣಸೆ ಚೆನ್ನಾಗಿ ಕಟ್ಟುತ್ತವೆ. ಗ್ಲಿರಿಸಿಡಿಯಾ, ಹೊಂಗೆ, ಹಾಲವಾಣ, ಚೊಗಚೆ, ಬೀಟೆ ಇವೆಲ್ಲ ಕಡಲೆ, ಹೆಸರಿನ ಗುಂಪಿನವು. ಇವೂ ಕಟ್ಟುತ್ತವೆ. ಹಾಗಾಗಿ "ಕಾಯಿ ಬಿಡುವ ಕುಟುಂಬ, ಸಾರಜನಕ ಗ್ಯಾರಂಟಿ" ಅನ್ನುವುದನ್ನು ದಯವಿಟ್ಟು ಯಾರೂ ನಂಬಬೇಡಿ. ಒಂದೊಂದು ಮರವನ್ನೂ ಬೇರೆಯಾಗಿಯೇ ತಿಳಿದುಕೊಳ್ಳಬೇಕು. ಗಂಟು ಇಲ್ಲ ಅಂತ ಒಳ್ಳೆ ಹುಣಸೆ ಸಸಿಗಳನ್ನು ಕಿತ್ತು ಬಿಸಾಕಿದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಹೊಂಗೆಯ ವಿಷಯ ಬೇರೆ. ಅದಕ್ಕೆ ಗಂಟು ಬರಬೇಕು. ಕಡಲೆಗೆ ಕೊಡುವ ಪುಡಿಯಲ್ಲಿರುವ ಬ್ಯಾಕ್ಟೀರಿಯಾ ಕಡಲೆಗೇ ಮೀಸಲು, ಹೊಂಗೆಗೆ ಅದು ಒಗ್ಗುವುದಿಲ್ಲ. ಹೆಸರು, ಅಲಸಂದೆ, ಶೇಂಗಾ, ತೊಗರಿಗೆ ಒಗ್ಗುವ ಬಗೆಯದೇ ಹೊಂಗೆಗೂ ಒಗ್ಗುತ್ತದೆ. ನಿಮ್ಮ ಕಡೆ ಮುಂಗಾರಿಗೆ ಹೆಸರು ಹಾಕುತ್ತೀರಿ ಅಲ್ವಾ? ಈಗ ಹೊಂಗೆಯಲ್ಲಿ ಕಂಡ ನಾಲ್ಕಾರು ಗಂಟು ಆ ಮಣ್ಣಲ್ಲಿ ಮೊದಲೇ ಇದ್ದದ್ದರಿಂದ ಬಂದಿರಬೇಕು.

ಇನ್ನು ಎಲೆ ಹಳದಿ. ಅದಕ್ಕೆ ಉತ್ತರ ಕೊಡುವ ಮೊದಲು ಮೂರು ವಿಷಯ ನೋಡಿ ಹೇಳಿ. ಹಳದಿ ಆಗಿರುವುದು ಕೆಳಗಿನ ಹಳೆ ಎಲೆಯೋ, ತುದಿಯ ಎಳೆ ಎಲೆಯೋ? ಎಲೆ ಪೂರ್ತಿ ಹಳದಿಯೋ, ನರ ಹಸಿರಾಗಿ ಉಳಿದು ನಡುವೆ ಮಾತ್ರ ಹಳದಿಯೋ? ಚೀಲದ ಮಣ್ಣನ್ನು ಸ್ವಲ್ಪ ಒಣಗಿಸಿ ಪುಡಿ ಮಾಡಿ, ಮೇಲೆ ವಿನೆಗರ್ ಬಿಡಿ. ನೊರೆ ಏಳುತ್ತದೆಯೋ?

ಹಾನಗಲ್ ತೋಟ:

ಸಸಿಮನೆಯವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಗಂಟು ಅಂತ ಕಂಡದ್ದೆಲ್ಲ ಒಳ್ಳೆ ಗಂಟಲ್ಲ. ನಮ್ಮ ಕಡೆ ತರಕಾರಿ ಬೆಳೆದ ಮಣ್ಣು ತುಂಬಿದ ಚೀಲದಲ್ಲಿ ಚೊಗಚೆ ಸಸಿ ಮಾಡಿದ್ದರು. ಬೇರು ತುಂಬಾ ಗಂಟು ನೋಡಿ ಎಲ್ಲರಿಗೂ ಖುಷಿ. ಆದರೆ ಸಸಿ ಮಾತ್ರ ಬೆಳೆಯಲೇ ಇಲ್ಲ. ಅದು ಜಂತುಹುಳುವಿನ ಗಂಟು, ಬದನೆ ಟೊಮೆಟೊ ಬೇರಿಗೆ ಬರುತ್ತಲ್ಲ, ಅದೇ.

ವ್ಯತ್ಯಾಸ ಸುಲಭ. ರೈಜೋಬಿಯಂ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಂತೆ ಇರುತ್ತದೆ. ಬೆರಳಿಂದ ಉಜ್ಜಿದರೆ ಕಳಚಿ ಬರುತ್ತದೆ, ಬೇರು ಹಾಗೇ ಉಳಿಯುತ್ತದೆ. ಜಂತುಹುಳುವಿನದು ಬೇರೇ ಊದಿಕೊಂಡದ್ದು, ಉಜ್ಜಿದರೆ ಬರುವುದಿಲ್ಲ, ಎಳೆದರೆ ಬೇರೇ ಹರಿಯುತ್ತದೆ. ಆಮೇಲೆ ಬ್ಲೇಡಿನಿಂದ ಒಂದು ಗಂಟು ಸೀಳಿ ನೋಡಿ. ಒಳಗೆ ಮಾಂಸದ ಹಾಗೆ ನಸುಗೆಂಪು ಇದ್ದರೆ ಅದು ಕೆಲಸ ಮಾಡುತ್ತಿದೆ. ಬೆಳ್ಳಗಿದ್ದರೆ ಇನ್ನೂ ಎಳೆಯದು, ಇಲ್ಲವೇ ಒಗ್ಗದ ಬ್ಯಾಕ್ಟೀರಿಯಾದ್ದು. ಹಸಿರು ಅಥವಾ ಕಂದು ಆಗಿದ್ದರೆ ಅದರ ಕೆಲಸ ಮುಗಿದಿದೆ. ಸಸಿಯನ್ನು ಎಳೆದು ಕೀಳಬೇಡಿ, ಗಂಟು ಮಣ್ಣಲ್ಲೇ ಉದುರಿ ಹೋಗುತ್ತವೆ. ಚೀಲವನ್ನು ಬಕೆಟ್ ನೀರಲ್ಲಿ ನೆನೆಸಿ ಮಣ್ಣು ತಾನೇ ಬಿಡುವ ಹಾಗೆ ಮಾಡಿ.

ರೋಣದ ಎರಿಹೊಲ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹುಣಸೆಗೆ ಗಂಟು ಬರುವುದಿಲ್ಲ ಅನ್ನುವುದನ್ನು ನಮ್ಮೂರಲ್ಲಿ ಯಾರೂ ಹೇಳಿರಲಿಲ್ಲ.

ನೋಡಿದೆ. ಗ್ಲಿರಿಸಿಡಿಯಾ ಗಂಟು ಸೀಳಿದರೆ ಒಳಗೆ ಚೆನ್ನಾಗಿ ನಸುಗೆಂಪು ಇದೆ. ಹೊಂಗೆಯದು ಕೆಲವು ಕೆಂಪು, ಕೆಲವು ಬಿಳಿ. ಉಜ್ಜಿದರೆ ಎರಡರದ್ದೂ ಕಳಚಿ ಬರುತ್ತವೆ.

ಕಕ್ಕೆಯಲ್ಲಿ ಹಳದಿ ಆಗಿರುವುದು ತುದಿಯ ಹೊಸ ಎಲೆ. ಕೆಳಗಿನ ಎಲೆ ಇನ್ನೂ ಹಸಿರಾಗಿದೆ. ನರಗಳು ಹಸಿರು ಗೆರೆಯ ಹಾಗೆ ಎದ್ದು ಕಾಣುತ್ತವೆ, ನಡುವೆ ಹಳದಿ. ತೀರಾ ಎಳೆ ಎಲೆ ಬಿಳಿಚಿಕೊಂಡಿದೆ. ವಿನೆಗರ್ ಬಿಟ್ಟ ಕೂಡಲೇ ಮಣ್ಣಿನಿಂದ ಸಣ್ಣಗೆ ಬುರುಬುರು ನೊರೆ ಎದ್ದಿತು. ನಮ್ಮ ಹೊಲದಲ್ಲಿ ಅಗೆದಾಗ ಬಿಳಿ ಸುಣ್ಣದ ಹರಳು ಸಿಗುತ್ತವೆ. ಬೋರ್ ನೀರು ಸವಳು.

ಧಾರವಾಡ ಸಸಿಮನೆ:

ಹಾಗಾದರೆ ಇದು ಕಬ್ಬಿಣದ ಕೊರತೆ ಇರಬೇಕು. ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಲ್ಲಿದ್ದದ್ದನ್ನು ತೆಗೆದು ಹೊಸ ಎಲೆಗೆ ಕಳಿಸುತ್ತದೆ. ಹಾಗಾಗಿ ಮೊದಲು ಕೆಳಗಿನ ಎಲೆ ಪೂರ್ತಿ ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಓಡಾಡುವುದಿಲ್ಲ. ಹಳೆ ಎಲೆಯದು ಅಲ್ಲೇ ಉಳಿಯುತ್ತದೆ, ಹೊಸ ಎಲೆಗೆ ಸಿಗುವುದಿಲ್ಲ. ನೀವು ನೋಡಿದ್ದು ಇದನ್ನೇ.

ಎರಿ ಮಣ್ಣಲ್ಲಿ ಕಬ್ಬಿಣ ಇರುವುದಿಲ್ಲ ಅಂತಲ್ಲ. ಇರುತ್ತದೆ, ಆದರೆ ಸುಣ್ಣ ಜಾಸ್ತಿ ಇರುವ ಮಣ್ಣಲ್ಲಿ ಬೇರಿಗೆ ಕರಗಿ ಸಿಗುವುದಿಲ್ಲ. ಇಂಥ ಹೊಲದಲ್ಲಿ ಮಳೆ ಹಿಡಿದುಕೊಂಡಾಗ ಶೇಂಗಾ ಹಳದಿ ಬಿಳಿ ಆಗುವುದನ್ನು ನೀವೇ ನೋಡಿರುತ್ತೀರಿ, ಕಾರಣ ಒಂದೇ. ಮಣ್ಣು ಸದಾ ಒದ್ದೆ ಇದ್ದಷ್ಟೂ ಇದು ಜೋರಾಗುತ್ತದೆ. ಎರಿ ಮಣ್ಣು ಚೀಲದಲ್ಲಿ ಒತ್ತಿಕೊಂಡು ಕೂತಿದೆ, ದಿನಾ ಸವಳು ನೀರು ಬೀಳುತ್ತಿದೆ, ಬೇರಿಗೆ ಗಾಳಿ ಇಲ್ಲ. ಯೂರಿಯಾ ಕೊಟ್ಟಿದ್ದರೆ ಹಳದಿ ಹೋಗುತ್ತಿರಲಿಲ್ಲ, ಪಕ್ಕದ ಗ್ಲಿರಿಸಿಡಿಯಾ, ಹೊಂಗೆಗೂ ಬಿದ್ದಿದ್ದರೆ ಅವು ಗಂಟು ಕಟ್ಟುವುದನ್ನೂ ಕಡಿಮೆ ಮಾಡುತ್ತಿದ್ದವು. ಮಣ್ಣಲ್ಲೇ ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಬ್ಯಾಕ್ಟೀರಿಯಾ ಸಾಕಲು ಹೋಗುವುದಿಲ್ಲ.

ಮೊದಲು ಒಂದು ಎಲೆಯಲ್ಲಿ ಪರೀಕ್ಷೆ ಮಾಡಿ, ಸುಮ್ನೆ ಎಲ್ಲಕ್ಕೂ ಹೊಡೆಯಬೇಡಿ. ಒಂದು ಲೀಟರ್ ಒಳ್ಳೆ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಜೊತೆಗೆ 1 ಗ್ರಾಂ ಸಿಟ್ರಿಕ್ ಆಮ್ಲ. ಮೊದಲು ಸಿಟ್ರಿಕ್ ಕರಗಿಸಿ, ಆಮೇಲೆ ಅನ್ನಭೇದಿ. ನೀರು ತಿಳಿ ಹಸಿರಾಗಿ ಇರಬೇಕು. ಇಟ್ಟು ಇಟ್ಟು ತುಕ್ಕಿನ ಬಣ್ಣಕ್ಕೆ ತಿರುಗಿದರೆ ಚೆಲ್ಲಿ ಹೊಸದು ಮಾಡಿ, ಆ ಕಬ್ಬಿಣ ಗಿಡಕ್ಕೆ ದಕ್ಕುವುದಿಲ್ಲ. ಹತ್ತಿ ಅದ್ದಿ ಹಳದಿ ಎಲೆಯ ಅರ್ಧಕ್ಕೆ ಮಾತ್ರ ಒರೆಸಿ, ಇನ್ನರ್ಧ ಹಾಗೇ ಬಿಡಿ. ಕೆಲವು ದಿನದಲ್ಲಿ ಒರೆಸಿದ ಅರ್ಧ ಹಸಿರಾದರೆ ಸಂಶಯವೇ ಬೇಡ.

ನೀರು ಇವತ್ತಿನಿಂದಲೇ ಕಡಿಮೆ ಮಾಡಿ. ಮೇಲಿನ ಮಣ್ಣು ಒಣಗಿದ ಮೇಲಷ್ಟೇ ಹಾಕಿ. ಚೀಲದ ತೂತು ಮುಚ್ಚಿಹೋಗಿದ್ದರೆ ಕಡ್ಡಿಯಿಂದ ಬಿಡಿಸಿ. ಕೃಷಿ ಹೊಂಡದಲ್ಲಿ ಮಳೆ ನೀರು ಉಳಿದಿದ್ದರೆ ಅದನ್ನೇ ಬಳಸಿ.

ಹುಬ್ಬಳ್ಳಿ ಕೈತೋಟ:

ಒಳ್ಳೆ ವಿವರ ಸರ್. ನಮ್ಮ ಬೀದಿಯ ಹೊಂಗೆ ಮರದ ಎಲೆಗಳ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದಿವೆ. ಅದೂ ಮಣ್ಣಿನ ತೊಂದರೆಯೇ?

ಧಾರವಾಡ ಸಸಿಮನೆ:

ಅಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುವ ಗುಳ್ಳೆ. ಹೊಂಗೆಗೆ ತೀರಾ ಮಾಮೂಲು. ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ, ಔಷಧಿ ಹೊಡೆಯಬೇಡಿ.

ರೋಣದ ಎರಿಹೊಲ:

ಫಲಿತಾಂಶ ಬಂತು. ಕಕ್ಕೆ ಎಲೆಯಲ್ಲಿ ಒರೆಸಿದ ಕಡೆ ಹಸಿರು ತಿರುಗಿದೆ, ಒರೆಸದ ಕಡೆ ಹಳದಿ ಹಾಗೇ ಇದೆ. ನಡುವಿನ ಗೆರೆ ಕತ್ತರಿಸಿದ ಹಾಗೆ ಸ್ಪಷ್ಟ. ಮನೆಯವರೆಲ್ಲ ಬಂದು ನೋಡಿದರು. ನೀರು ಕಡಿಮೆ ಮಾಡಿದ ಮೇಲೆ ಹುಣಸೆ ತಾನೇ ಚೇತರಿಸಿಕೊಳ್ಳುತ್ತಿದೆ.

ಈಗ ಎರಡು ಪ್ರಶ್ನೆ ಉಳಿದಿವೆ. ಎಷ್ಟು ಸಲ ಹೊಡೆಯಬೇಕು? ಮತ್ತೆ ಹುಣಸೆ, ಕಕ್ಕೆ ಸಾರಜನಕ ಕೊಡುವುದಿಲ್ಲ ಅಂದಮೇಲೆ ಬದುವಿಗೆ ಅವನ್ನು ಹಚ್ಚುವುದೋ ಬೇಡವೋ?

ಧಾರವಾಡ ಸಸಿಮನೆ:

ಓದಿ ತುಂಬಾ ಸಂತೋಷ ಆಯಿತು. ಸಂಜೆ ಹೊತ್ತು ಎಲೆಯ ಎರಡೂ ಬದಿ ಒದ್ದೆಯಾಗುವ ಹಾಗೆ ಹೊಡೆಯಿರಿ. ಸಸಿ ಎಳೆಯದು, ಮೊದಲ ಸಲ ಅನ್ನಭೇದಿ ಅರ್ಧ ಪ್ರಮಾಣ ಸಾಕು. ಎಲೆ ಸುಡದಿದ್ದರೆ 8-10 ದಿನ ಬಿಟ್ಟು ಪೂರ್ತಿ ಪ್ರಮಾಣದಲ್ಲಿ ಇನ್ನೊಮ್ಮೆ. ಹೊಸದಾಗಿ ಬರುವ ಎಲೆ ಹಸಿರಾಗಿದ್ದರೆ ನಿಲ್ಲಿಸಿ. ಆದರೆ ಇದು ಎಲೆಗೆ ಮಾತ್ರ ಪರಿಹಾರ. ಮಣ್ಣಿನ ಸುಣ್ಣ ಎಲ್ಲೂ ಹೋಗುವುದಿಲ್ಲ. ಮುಂದಿನ ಸಲ ಚೀಲಕ್ಕೆ ಎರಿ ಮಣ್ಣು ಬೇಡ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ ಹಾಕಿ. ಹೊಂಗೆ, ಗ್ಲಿರಿಸಿಡಿಯಾ ಚೀಲಗಳಿಗೆ ಅದೇ ಜಾತಿಯ ಹಳೆ ಮರದ ಬುಡದಿಂದ ಒಂದೊಂದು ಮುಷ್ಟಿ ಮಣ್ಣು ಸೇರಿಸಿದರೆ ಒಗ್ಗುವ ಬ್ಯಾಕ್ಟೀರಿಯಾ ತಾನೇ ಬರುತ್ತದೆ, ಪೊಟ್ಟಣ ಹುಡುಕುವುದು ಬೇಡ. ಆದರೆ ಹಾನಗಲ್‌ನವರು ಹೇಳಿದ ಜಂತುಹುಳು ಇಲ್ಲದ ಜಾಗ ನೋಡಿ ತೆಗೆಯಿರಿ.

ಹೊಲದ ಮಣ್ಣನ್ನೂ ಒಮ್ಮೆ ಪರೀಕ್ಷೆಗೆ ಕೊಡಿ. ನಿಮಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಸುಣ್ಣದ ಅಂಶ ಎಷ್ಟಿದೆ ಅಂತ ಕೇಳಲು ಮರೆಯಬೇಡಿ. ಜಾಸ್ತಿ ಇದ್ದರೆ ಕಕ್ಕೆಯನ್ನು ಆ ಹೊಲಕ್ಕೆ ಹಚ್ಚಬೇಡಿ, ಮನೆ ಮುಂದೆ ಗುಂಡಿಗೆ ಮಸಾರಿ ತುಂಬಿ ಅಲ್ಲಿ ಹಚ್ಚಿ.

ಹುಣಸೆ ಖಂಡಿತ ಹಚ್ಚಿ. ಸಾರಜನಕಕ್ಕಲ್ಲ, ಹಣ್ಣಿಗೆ. ಮರ ದೊಡ್ಡದಾಗುತ್ತದೆ, ಅದರ ಕೆಳಗೆ ಬೆಳೆ ಬರುವುದಿಲ್ಲ, ಹಾಗಾಗಿ ಹೊಲದ ಮೂಲೆಗೆ ಅಥವಾ ದಾರಿಯ ಬದಿಗೆ ಇರಲಿ. ನಡುವೆ 10 ಮೀಟರ್ ಆದರೂ ಬಿಡಿ.

ಸಾರಜನಕ ಬೇಕೆಂದರೆ ಬದುವಿನುದ್ದ ಗ್ಲಿರಿಸಿಡಿಯಾ. ಇಲ್ಲಿ ಒಂದು ಮಾತು ಮುಖ್ಯ. ಬದುವಿನ ಮೇಲೆ ಗಿಡ ಸುಮ್ಮನೆ ನಿಂತರೆ ಬೆಳೆಗೆ ಹೆಚ್ಚೇನೂ ಸಿಗುವುದಿಲ್ಲ. ಗಂಟು ಹಿಡಿದ ಸಾರಜನಕ ಮೊದಲು ಆ ಗಿಡದ ಎಲೆಗೇ ಹೋಗುತ್ತದೆ. ಎಲೆ ಕಡಿದು ಮಣ್ಣಿಗೆ ಸೇರಿಸಿದರೆ ಮಾತ್ರ ಹೊಲಕ್ಕೆ ಬರುತ್ತದೆ. ಒಣಗಿದ ಗ್ಲಿರಿಸಿಡಿಯಾ ಎಲೆಯಲ್ಲಿ ಸುಮಾರು ಶೇಕಡ 3 ಸಾರಜನಕ ಇರುತ್ತದೆ, ಅದು ಕಡಿಮೆ ಏನಲ್ಲ.

ಹಾನಗಲ್ ತೋಟ:

ಗ್ಲಿರಿಸಿಡಿಯಾ ಹಚ್ಚಿದ ಮೊದಲ ವರ್ಷ ಕಡಿಯಬೇಡಿ, ಬೇರು ಗಟ್ಟಿಯಾಗಲಿ. ಆಮೇಲೆ ಸೊಂಟದ ಎತ್ತರಕ್ಕೆ ಕಡಿಯಬಹುದು, ಚಿಗುರು ಮತ್ತೆ ಮತ್ತೆ ಬರುತ್ತದೆ. ಸುಬಾಬುಲ್ ಯಾರಾದರೂ ಕೊಟ್ಟರೆ ಬದುವಿಗೆ ಹಚ್ಚುವ ಮೊದಲು ಯೋಚನೆ ಮಾಡಿ. ಅದೂ ಚೆನ್ನಾಗಿ ಗಂಟು ಕಟ್ಟುತ್ತದೆ ನಿಜ, ಆದರೆ ಬೀಜ ಸಿಡಿದು ಹೊಲದ ತುಂಬಾ ಹುಟ್ಟುತ್ತದೆ. ಹೂ ಬಿಡುವ ಮೊದಲೇ ಕಡಿಯುವವರಿಗೆ ಮಾತ್ರ ಅದು ಸರಿ.

ರೋಣದ ಎರಿಹೊಲ:

ಆಯಿತು ರೀ. ಗ್ಲಿರಿಸಿಡಿಯಾ, ಹೊಂಗೆ ಬದುವಿಗೆ, ಹುಣಸೆ ದಾರಿ ಬದಿಗೆ. ಕಕ್ಕೆ ಅವ್ವನಿಗೆ ಇಷ್ಟ, ಮನೆ ಮುಂದೆ ಗುಂಡಿ ತೆಗೆಸುತ್ತೇನೆ. ಮಣ್ಣಿನ ವರದಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.