ಸಹಾಯ ಬೇಕು: ಆಲಪ್ಪುಳದ ಕಾಲುವೆಗಳಲ್ಲಿ ಸಣ್ಣ ಮೋಟಾರ್ ಬೋಟ್, ಮಳೆಗಾಳಿಯ ಭಯ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಿಂದ ಅಮ್ಮ (68) ಮತ್ತು ಇಬ್ಬರು ಮಕ್ಕಳ ಜೊತೆ ಮತ್ತೆ ಆಲಪ್ಪುಳಕ್ಕೆ ಹೊರಟಿದ್ದೇವೆ. ಹೌಸ್‌ಬೋಟ್ ಬೇಡ, ಅದು ಹೋಗದ, ಅಲ್ಲಿನ ತಗ್ಗು ಭತ್ತದ ಸೀಮೆಯಾದ ಕುಟ್ಟನಾಡಿನ ಕಿರುಗಾಲುವೆಗಳನ್ನೇ ನೋಡಬೇಕು. ಅಲ್ಲಿ ಗದ್ದೆ ಕಾಲುವೆಯ ನೀರಿಗಿಂತ ಕೆಳಗಿರುತ್ತದೆ, ಬೋಟಿನಲ್ಲಿ ಕೂತು ಭತ್ತದ ತೆನೆಯನ್ನು ಬಗ್ಗಿ ನೋಡಬೇಕು!

ಹೋದ ವರ್ಷ ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಮೂರರ ಹೊತ್ತಿಗೆ ಗುಡುಗು ಶುರುವಾಯಿತು. ಅದೇ ಹೊತ್ತಿಗೆ ಅಂತರಗಂಗೆ (ನೀರಿನ ಮೇಲೆ ತೇಲುವ ಕಳೆ) ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ನಿಂತಿತು. ಚಾಲಕ ಹಿಂದೆ ಬಗ್ಗಿ ಕತ್ತಿಯಿಂದ ಬೇರು ಕೊಯ್ಯುತ್ತಿದ್ದ, ಗಾಳಿ ನಮ್ಮನ್ನು ಕಲ್ಲಿನ ದಂಡೆಗೆ ನೂಕುತ್ತಿತ್ತು. ಲೈಫ್ ಜಾಕೆಟ್ ಸೀಟಿನ ಕೆಳಗೆ ಕಟ್ಟಿಟ್ಟದ್ದು, ಗಂಟು ಬಿಚ್ಚಲೇ ಆಗಲಿಲ್ಲ. ಅಮ್ಮನ ಕೈ ಇಡೀ ಹೊತ್ತು ನನ್ನ ಮೊಣಕೈ ಮೇಲಿತ್ತು. 2002ರಲ್ಲಿ ಮುಹಮ್ಮ ಎಂಬ ಊರಿನಿಂದ ಕುಮರಕೋಮ್‌ಗೆ ಹೊರಟ ಬೋಟ್ ವೇಂಬನಾಡು ಸರೋವರದಲ್ಲಿ ಮುಳುಗಿ 29 ಜನ ತೀರಿಕೊಂಡದ್ದು ಅವರಿಗೆ ಇನ್ನೂ ನೆನಪಿದೆ.

ಹಿಂಗಾರಿನ ಗುಡುಗುಮಳೆ ಅಲ್ಲಿ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಹೊರಟು ಹನ್ನೊಂದರೊಳಗೆ ದಡ ಸೇರುವ ಯೋಚನೆ. ಡಿಸೆಂಬರ್ ಕೊನೆಗೆ ಹೋದರೆ ಮಳೆ ಕಾಟ ಇರುವುದಿಲ್ಲ ತಾನೇ? ಅಂತರಗಂಗೆ ಕಡಿಮೆ ಇರುವ ಕಾಲುವೆ ಯಾವುದು? ಮಕ್ಕಳ ಅಳತೆಯ ಜಾಕೆಟ್ ಬೋಟಿನವರೇ ಕೊಡುತ್ತಾರಾ, ನಾವೇ ಒಯ್ಯಬೇಕಾ? ದೊಡ್ಡ ಕೆರೆಯಂಥ ಕಾಯಲಿಗೆ ಇಳಿಯದೆ ಕಾಲುವೆಯಲ್ಲೇ ಸುತ್ತಿಸುವ ಚಾಲಕರು ಸಿಗುತ್ತಾರಾ?

ಈಚೆಗೆ ಹೋಗಿ ಬಂದವರು ದಯವಿಟ್ಟು ತಿಳಿಸಿ. ಟಿಕೆಟ್ ಮಾಡಿಸುವ ಮೊದಲು ಅಮ್ಮನನ್ನು ಒಪ್ಪಿಸಬೇಕು.